ನೀರಿಗೆ ಹೇಳಿದ ಕನಸು

ಅದು ಎಂ.ಎ. ಕೊನೆಯ ವರ್ಷದ ಬೇಸಿಗೆ ಎಂದು ನನ್ನ ನೆನಪು. ಹಳೇಬೀಡಿನ ದೊಡ್ಡಮ್ಮನ ಹಿತ್ತಲಲ್ಲಿ ಬಟ್ಟೆ ಒಣಗುತ್ತಿದ್ದದ್ದು ಕಣ್ಣಿಗೆ ಕಟ್ಟಿದಂತಿದೆ. ಅದು ಬೇರೆ ಯಾವುದೋ ದಿನದ ಬಟ್ಟೆಯೂ ಇದ್ದೀತು. ಆದರೆ ಕನಸನ್ನು ಅದು ಬಿದ್ದ ಬೆಳಿಗ್ಗೆಯೇ ಡೈರಿಯಲ್ಲಿ ಬರೆದಿದ್ದೆ. ಅದರ ಬಗ್ಗೆ ಅನುಮಾನ ಕಡಿಮೆ.

ಕನಸಿನಲ್ಲಿ ಅರಸೀಕೆರೆಯ ನಮ್ಮ ಅಡುಗೆಮನೆಯಲ್ಲಿ ಕೊಬ್ಬರಿ ಚೂರು ಅಗಿಯುತ್ತಿದ್ದೆ. ಕೆಳಸಾಲಿನ ದವಡೆ ಹಲ್ಲೊಂದು ಕಳಚಿ ನಾಲಿಗೆಗೆ ಸಿಕ್ಕಿತು. ಅಂಗೈಗೆ ಉಗಿದೆ. ನೋವಿರಲಿಲ್ಲ, ರಕ್ತ ಬೆಚ್ಚಗಿತ್ತು. ಅಮ್ಮ ಪಕ್ಕದಲ್ಲೇ ಕಾಯಿ ತುರಿಯುತ್ತಿದ್ದಳು, ತಲೆಯೆತ್ತಿ ನೋಡಲಿಲ್ಲ.

ಆಗ ಅಮ್ಮನಿಗೆ ಹೊಟ್ಟೆನೋವು. ಗ್ಯಾಸ್ಟ್ರಿಕ್ ಎಂದು ನನಗೆ ಹೇಳಿದ್ದರು. ರಜೆ ಮುಗಿಸಿ ಪರೀಕ್ಷೆಗೆ ಮೈಸೂರಿಗೆ ಹೋಗುವುದೋ, ಅವಳ ಹತ್ತಿರವೇ ಉಳಿಯುವುದೋ ಎಂದು ತೂಗುತ್ತಿದ್ದೆ. ಮನಶ್ಶಾಸ್ತ್ರ ಓದುತ್ತಿದ್ದವಳು ನಾನು. ಹಲ್ಲು ಉದುರುವ ಕನಸೆಂದರೆ ಪರೀಕ್ಷೆಯ ಭಯ ಎಂದು ಹಾಸ್ಟೆಲಿನಲ್ಲಿ ಎಲ್ಲರಿಗೂ ಬಿಡಿಸಿ ಹೇಳುತ್ತಿದ್ದೆ. ನನ್ನ ಸರದಿ ಬಂದಾಗ ಮಾತ್ರ ಜಾವಗಲ್ ಮೇಲೆ ಹಳೇಬೀಡಿಗೆ ಹೋಗುವ ಬಸ್ಸು ಹತ್ತಿದೆ.

ದೊಡ್ಡಮ್ಮ ಎಂದರೆ ಅಮ್ಮನ ಸ್ವಂತ ಅಕ್ಕ. ಬೇಲೂರಿನಿಂದಲೂ ಹೆಂಗಸರು ತಮ್ಮ ಕನಸುಗಳನ್ನು ಅವಳ ಹತ್ತಿರ ತರುತ್ತಿದ್ದರು. ಕೂದಲು ಉದುರಿದರೆ ಮನೆ ಬದಲು, ಕಾಲು ಕೆಸರಲ್ಲಿ ಹೂತರೆ ಹಿಡಿದ ಕೆಲಸ ತಡ, ಹೀಗೆ ಅವಳ ಲೆಕ್ಕ.

"ಓದ್ದೋಳಿಗೂ ಕನಸು ಬೀಳ್ತದೇನೇ? ನಾನು ನಮ್ಮಂಥೋರಿಗೆ ಮಾತ್ರ ಅಂದ್ಕಂಡಿದ್ದೆ" ಎಂದಳು ನನ್ನ ಕನಸು ಕೇಳಿ, ನೆನೆಸಿದ ಅವರೆಕಾಳು ಹಿಸುಕುತ್ತ.

"ನಗಬೇಡ ದೊಡ್ಡಮ್ಮ."

"ಸರಿ, ಹೇಳು. ಮೇಲಿಂದಾ ಕೆಳಗಿಂದಾ? ರಕ್ತ ಬಂತಾ?"

ಕೆಳಗಿನದು, ಬಂತು, ಎಂದೆ. ಅವಳ ಕೈ ನಿಂತಿತು. ನಿಂತಿತು ಎಂದು ಈಗ ಅನಿಸುತ್ತದೆ, ಅಷ್ಟೇ.

"ಅಂಗೈಗೆ ಬಿತ್ತಲ್ಲ, ಒಳ್ಳೇದೇ ಕಣೇ. ನಿಮ್ಮಮ್ಮಂಗೆ ಆಯಸ್ಸು ಗಟ್ಟಿ ಐತೆ. ಹೋಗಿ ಪರೀಕ್ಷೆ ಬರಿ." ಸಿಪ್ಪೆಗಳನ್ನು ಒತ್ತಟ್ಟಿಗೆ ಸರಿಸಿ, "ಅದ್ಕೂ ಮುಂಚೆ ಹಿತ್ತಲ ನಲ್ಲಿ ಬಿಟ್ಟು ಒಂದ್ಸಲ ನೀರಿಗೂ ಹೇಳ್ಬಿಡು" ಎಂದಳು.

ನಲ್ಲಿ ತಿರುಗಿಸಿ ನಗುತ್ತಲೇ ಹೇಳಿದೆ. ನೀರು ಬಾಳೆಗಿಡದ ಬುಡಕ್ಕೆ ಹರಿದುಹೋಯಿತು. ಮಾರನೆಯ ದಿನ ಅರಸೀಕೆರೆಯಿಂದ ಮೈಸೂರಿಗೆ ಹೊರಟಾಗ ಅಮ್ಮ ಬಸ್ ಸ್ಟ್ಯಾಂಡಿನವರೆಗೆ ಬರುತ್ತೇನೆಂದಳು. ಬಿಸಿಲು, ಬೇಡ ಎಂದೆ.

ನಾಲ್ಕನೆಯ ಪತ್ರಿಕೆ ಬರೆದು ಹೊರಬಂದಾಗ ಗೇಟಿನ ಹತ್ತಿರ ಚಿಕ್ಕಪ್ಪ ನಿಂತಿದ್ದರು. ಅವರ ಕೈಯಲ್ಲಿ ಯಾವಾಗಲೂ ತರುವ ತಿಂಡಿಯ ಚೀಲವಿರಲಿಲ್ಲ. ಅಮ್ಮ ಇನ್ನಿಲ್ಲವೆಂದು ಅದರಿಂದಲೇ ಗೊತ್ತಾಯಿತು. ಅವಳ ಹೊಟ್ಟೆಯಲ್ಲಿ ಗಡ್ಡೆಯಿದ್ದದ್ದು ನನ್ನೊಬ್ಬಳನ್ನು ಬಿಟ್ಟು ಎಲ್ಲರಿಗೂ ತಿಳಿದಿತ್ತು.

ಇದಾಗಿ ಏಳೆಂಟು ವರ್ಷಗಳ ಮೇಲೆ ಒಂದು ಮಧ್ಯಾಹ್ನ ದೊಡ್ಡಮ್ಮನ ಜಗಲಿಯಲ್ಲಿ ಕೂತಿದ್ದೆ. ಪಕ್ಕದ ಮನೆಯ ಸೊಸೆ ಬಂದು, ಕನಸಿನಲ್ಲಿ ತನ್ನ ಎದೆಯಿಂದ ಹಾಲು ಸುರಿದು ಸೆರಗೆಲ್ಲ ನೆನೆಯಿತು, ಹೆದರಿಕೆಯಾಯಿತು, ನೀರಿಗೆ ಹೇಳಿಬಿಡಲೇ ಎಂದು ಕೇಳಿದಳು.

"ಏ ಹುಚ್ಚಿ, ಒಳ್ಳೇ ಕನಸನ್ನ ಯಾರಾದ್ರೂ ನೀರಿಗೆ ಹೇಳ್ತಾರಾ? ಕೊಚ್ಕಂಡು ಹೋಗ್ತದೆ. ಕೆಟ್ಟದ್ದನ್ನ ಮಾತ್ರ ಹೇಳೋದು."

ಹೇಳಿದ ಮೇಲೆ ದೊಡ್ಡಮ್ಮ ನನ್ನ ಕಡೆ ನೋಡಿದಳು. ಬೇಗನೆ ಕಣ್ಣು ತಿರುಗಿಸಿದಳು. ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ.

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹಲ್ಲುದುರುವ ಕನಸಿಗೆ ನಾನೀಗ ಹೆದರುವುದಿಲ್ಲ. ಬೀಳಲಿ ಎಂದೇ ಹಂಬಲಿಸುತ್ತೇನೆ. ಆ ಅಡುಗೆಮನೆ ಬಂದರೆ ಅಮ್ಮ ಕಾಯಿ ತುರಿಯುತ್ತ ನಿಂತಿರುತ್ತಾಳೆ, ಈ ಸಲವಾದರೂ ತಲೆಯೆತ್ತಿಯಾಳು. ನನ್ನನ್ನು ಪರೀಕ್ಷೆಗೆ ಕಳಿಸಿದ್ದು ಅವಳೇ ಎಂದು ತಿಳಿದರೆ ಸಾಕು, ಅದನ್ನೇ ಅವಳ ಕೊನೆಯ ಮಾತೆಂದು ಇಟ್ಟುಕೊಂಡೇನು.

ಸೊಸೆ ಹೋದ ಮೇಲೆ ದೊಡ್ಡಮ್ಮ ಒಳಗೆದ್ದು ಹೋಗಿ ಕಾಫಿಗೆ ಹಾಲಿಟ್ಟಳು. ಅವಳ ಬೆನ್ನಿಗೆ ಕೇಳಿದೆ. ಈಗಲೂ ಹೋದಾಗಲೆಲ್ಲ ಅವಳು ಕಾಫಿ ಕೊಡುತ್ತಾಳೆ, ಉತ್ತರ ಕೊಟ್ಟಿಲ್ಲ.

"ದೊಡ್ಡಮ್ಮ, ನಾನು ಬರೋಕೆ ಮುಂಚೆ ಅಮ್ಮ ನಿನ್ನ ಹತ್ರ ಬಂದಿದ್ಲಾ? ನನ್ನನ್ನ ಹೇಗಾದ್ರೂ ಪರೀಕ್ಷೆಗೆ ಕಳಿಸು ಅಂತ ಹೇಳಿದ್ಲಾ?"