ಅಜ್ಜಿ ತಾತನ ಹೆಸರು ಹೇಳಿದ ದಿನ

೧೯೯೧ನೇ ಇಸವಿ, ಜೂನ್ ಹತ್ತು, ಸೋಮವಾರ, ಬೆಳಿಗ್ಗೆ ಆರೂ ಮುಕ್ಕಾಲು. ನನ್ನ ದಿನಚರಿಯಲ್ಲಿ ಅಂದು ಒಂದೇ ಸಾಲು ಇದೆ: ‘ಹಂಚಿನ ಕೆಳಗೆ ಬೆಂಕಿ ಇರಲಿಲ್ಲ.’

ಸಿಂಧನೂರಿನ ನಮ್ಮ ಮನೆಯಲ್ಲಿ ಬೆಳಗಿನ ರೊಟ್ಟಿ ಅಜ್ಜಿಯದು. ಅಂದು ರೊಟ್ಟಿ ಬಡಿಯುವ ಸಪ್ಪಳಕ್ಕೆ ನಾನು ಎದ್ದು ಬಂದಾಗ ಅಜ್ಜಿ ತಣ್ಣನೆಯ ಹಂಚಿನ ಮೇಲೆ ಹಸಿ ರೊಟ್ಟಿ ಹಾಕಿ, ನೀರು ಸವರಿ, ತಿರುವಿ, ತೆಗೆದು ಬುಟ್ಟಿಯಲ್ಲಿ ಒಂದರ ಮೇಲೊಂದು ಇಡುತ್ತಿದ್ದಳು. ರೊಟ್ಟಿಗಳೆಲ್ಲ ಅಂಟಿಕೊಂಡು ಮುದ್ದೆಯಾಗಿದ್ದವು. ಅವ್ವ ಬಾಗಿಲಲ್ಲಿ ನಿಂತು ನೋಡಿದಳು. ಒಲೆಗೆ ಜಾಲಿ ಕಟ್ಟಿಗೆ ಇಟ್ಟು ಊದಿದಳು.

“ಹೊಗಿ ಆಕ್ಕೈತಿ, ಆ ಕಡೆ ಸರಿ,” ಎಂದಳು ಅಜ್ಜಿ, ಒಲೆ ಮೊದಲಿನಿಂದಲೂ ಉರಿಯುತ್ತಿದ್ದಂತೆ.

ಅದಾದ ಮೇಲೆ ನಾನು ಇಂಥವನ್ನು ತಾರೀಖು ಹಾಕಿ ಬರೆಯತೊಡಗಿದೆ. ಆಗ ನನಗೆ ಹತ್ತೊಂಬತ್ತು. ಪಿಯುಸಿ ಮುಗಿಸಿ ಟೈಪಿಂಗ್ ಕಲಿಯುತ್ತಿದ್ದೆ. ಜುಲೈನಲ್ಲಿ ಅಜ್ಜಿ ಎರಡು ಸಲ ಕಾಲುವೆ ಕಡೆ ಹೋಗಿಬಿಟ್ಟಳು. ಒಂದು ಸಲ ಗೊರೇಬಾಳದ ದಾರಿಯಲ್ಲಿ ಸಿಕ್ಕಳು. ಓಣಿಯವರು ಅದಕ್ಕೆ ಅರಳುಮರಳು ಎಂದರು. ಆ ಮಾತಿನಿಂದ ಅವರಿಗೆ ಸಮಾಧಾನವಾಗುತ್ತಿತ್ತು. ನಮಗೆ ಆಗಲಿಲ್ಲ.

ಆಗಸ್ಟ್‌ನಲ್ಲಿ ಊರಲ್ಲಿ ಕಣ್ಣಿನ ಶಿಬಿರ ನಡೆಯಿತು. ಅಜ್ಜಿಯ ಪೊರೆ ತೋರಿಸಲು ಹೋದಾಗ ದೊಡ್ಡ ಊರಿನ ಆಸ್ಪತ್ರೆಯಿಂದ ಬಂದಿದ್ದ ಒಬ್ಬ ಡಾಕ್ಟರಮ್ಮ ಕಣ್ಣು ನೋಡಿದ್ದಕ್ಕಿಂತ ಹೆಚ್ಚು ಹೊತ್ತು ಅಜ್ಜಿಯನ್ನು ಮಾತಾಡಿಸಿದರು. ಅವರು ಓದುತ್ತಿದ್ದುದು ಮಿದುಳಿನ ರೋಗಗಳ ಬಗ್ಗೆಯಂತೆ. ಅಲ್ಝೈಮರ್ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ಅವರ ಬಾಯಿಂದ.

“ಇದು ಅದೇ ಅಂತ ಒಂದೇ ಸಲಕ್ಕೆ ಹೇಳೋಕಾಗಲ್ಲ. ಆದರೆ ಇಂಥವರು ಹಳ್ಳಿಗಳಲ್ಲಿ ಎಷ್ಟು ಜನ ಇದ್ದಾರೆ ಅಂತ ಯಾರೂ ನೋಡೇ ಇಲ್ಲ. ಇಲ್ಲಿನ ಜನ ತಾವಾಗಿ ಮುಂದೆ ಬಂದರೆ ನಾನು ಮೇಲಿನವರನ್ನ ಕೇಳಬಹುದು. ಅಧ್ಯಯನ ಶುರುವಾದರೆ ತಿಂಗಳಿಗೊಂದು ಸಲ ಇಲ್ಲಿಗೇ ಬಂದು ನೋಡ್ತೀವಿ,” ಎಂದರು.

ತಿಂಗಳಿಗೊಂದು ಸಲ ಅಜ್ಜಿಯನ್ನು ನೋಡುವವರೊಬ್ಬರು ಬರುತ್ತಾರೆ. ನಾನು ಅಷ್ಟನ್ನೇ ಕೇಳಿಸಿಕೊಂಡೆ. ಜನರನ್ನು ಕರೆತರುತ್ತೇನೆಂದು ಒಪ್ಪಿದೆ.

ಒಬ್ಬಳೇ ಹೋದರೆ ಯಾರು ಬಾಗಿಲು ತೆಗೆದಾರು? ನಮ್ಮ ಓಣಿಗೆ ಬರುವ ಬಳೆಗಾರ್ತಿಯನ್ನು ಕೇಳಿದೆ. ನಾನು ಅವಳನ್ನು ಅವರ ಮಾತಿನಲ್ಲೇ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ಸಿಂಧನೂರು, ಮಸ್ಕಿ, ಲಿಂಗಸುಗೂರು, ಮೂರೂ ಊರಲ್ಲಿ ಅವಳಿಗೆ ಗೊತ್ತಿಲ್ಲದ ಪಡಸಾಲೆ ಇರಲಿಲ್ಲ. ತಾತ ತೀರಿದ ಮೇಲೆ ಬಳೆ ತೊಡದ ಅಜ್ಜಿ ಈಚೆಗೆ ಅವಳನ್ನು ಕಂಡರೆ ಕೈ ಚಾಚುತ್ತಿದ್ದಳು. ಖಾಲಾ ಆ ಕೈ ಹಿಡಿದು, “ನಿಮ್ಮ ಅಳತಿದು ಮುಗದಾವ್ರೀ ಅಮ್ಮಾ, ಹೊಸಾ ಮಾಲು ಬರ್ಲಿ,” ಎಂದು ಸವರಿ ಬಿಡುತ್ತಿದ್ದಳು.

ಸೆಪ್ಟೆಂಬರಿನಲ್ಲಿ ನಾವಿಬ್ಬರೂ ಅರವತ್ತೊಂದು ಮನೆಗೆ ಹೋದೆವು. ಮಸ್ಕಿಯಲ್ಲಿ ಒಂದು ಮನೆಯ ಸೊಸೆ ನನ್ನ ಮಾತು ಮುಗಿಯುವ ಮುನ್ನವೇ, “ನಮ್ಮ ಮನ್ಯಾಗ ಹುಚ್ಚರು ಯಾರಿಲ್ಲ,” ಎಂದಳು. ಒಳಗಿನಿಂದ ಮುದುಕನೊಬ್ಬ ತನ್ನ ಚಪ್ಪಲಿ ಯಾರೋ ಕದ್ದರೆಂದು ಕೂಗುತ್ತಲೇ ಇದ್ದ. ಚಪ್ಪಲಿ ಅವನ ಕಾಲಲ್ಲಿದ್ದವು. ಲಿಂಗಸುಗೂರಿನಲ್ಲಿ ಒಬ್ಬ ಯಜಮಾನರು ನಮಗೆ ಚಹಾ ಕೊಟ್ಟು, “ಮಗಳಿಗೆ ಗುರುಗುಂಟಾದಿಂದ ವರ ಬಂದೈತ್ರೀ. ಈಗ ಮನ್ಯಾಗ ಮರವಿನ ಬ್ಯಾನಿ ಐತಿ ಅಂತ ಗೊತ್ತಾದ್ರ ಅವ್ರು ತಿರುಗಿ ನೋಡ್ತಾರೇನು?” ಎಂದರು.

ನಮ್ಮ ಓಣಿಯ ಒಬ್ಬಾಕೆ ಮಾತ್ರ ನಕ್ಕಳು. “ಮರವಿನವ್ರನ್ನ ಹುಡುಕಾಕ ಇಷ್ಟ್ ದೂರ ಯಾಕ ಹೊಂಟೀಯವ್ವಾ? ನನ್ನ ತಾಮ್ರದ ಕೊಡಾ ಒಯ್ದು ವರ್ಷ ಆತು, ನಿಮ್ಮವ್ವಗ ನೆಪ್ಪಿಲ್ಲ. ಮೊದಲ ಆಕಿನ್ನ ಬರಕೋ.”

“ಆಕಿನ್ನ ಬರಕೊಂಡ್ರ ನಿನ್ನೂ ಬರಕೋಬೇಕಾಕ್ಕೈತಿ. ನನ್ನ ಒಂದು ಡಜನ್ ಬಳಿ ರೊಕ್ಕ ನಿನಗ ನೆಪ್ಪೈತೇನು?” ಎಂದಳು ಖಾಲಾ.

ಹೀಗೆ ನಗಿಸಿ, ಬೇಡಿ, ಕೊನೆಗೆ ಹದಿನೆಂಟು ಮನೆಯವರನ್ನು ಬರಲು ಒಪ್ಪಿಸಿದೆವು.

ಅಕ್ಟೋಬರ್ ಆರು, ಭಾನುವಾರ. ಶಾಲೆಯ ಪಡಸಾಲೆಯಲ್ಲಿ ಬೆಂಚು ಹಾಕಿಸಿದ್ದೆ. ಮಸ್ಕಿಯಿಂದ, ಲಿಂಗಸುಗೂರಿನಿಂದ ಬೆಳಗಿನ ಬಸ್ಸಿಗೇ ಜನ ಬಂದರು. ಮುದುಕರಿಗೆ ಇಸ್ತ್ರಿ ಮಾಡಿದ ಅಂಗಿ, ಮುದುಕಿಯರಿಗೆ ಪೆಟ್ಟಿಗೆಯಿಂದ ತೆಗೆದ ಇಳಕಲ್ ಸೀರೆ. ಅವರನ್ನು ನೋಡಿದಾಗ ನನಗೆ ಏನೋ ತಪ್ಪಿದೆ ಅನ್ನಿಸಿತು, ಏನೆಂದು ತಿಳಿಯಲಿಲ್ಲ.

ಡಾಕ್ಟರಮ್ಮ ಕೇಳುತ್ತಿದ್ದ ಪ್ರಶ್ನೆಗಳು ಸುಲಭದವು. ಇವತ್ತು ಯಾವ ವಾರ? ಇದು ಯಾವ ಊರು? ನಾನು ಈಗ ಹೇಳಿದ ಮೂರು ವಸ್ತು ಯಾವುವು? ಮೊದಲ ಮುದುಕನೇ ಕುಳಿತ ಕೂಡಲೇ, ಕೇಳುವ ಮೊದಲೇ, “ಇವತ್ತು ಐತವಾರ್ರೀ, ಊರು ಸಿಂಧನೂರ್ರೀ,” ಎಂದು ಒಪ್ಪಿಸಿದ. ಮಗ ಹಿಂದೆ ನಿಂತು ತಲೆಯಾಡಿಸುತ್ತಿದ್ದ. ಶಿಬಿರದಲ್ಲಿ ಅಜ್ಜಿಗೆ ಕೇಳಿದ್ದ ಪ್ರಶ್ನೆಗಳನ್ನು ಮನೆಮನೆಯಲ್ಲಿ ನಾನೇ ಹೇಳಿ ಬಂದಿದ್ದೆ; ಎಲ್ಲರನ್ನೂ ಮನೆಯಲ್ಲಿ ಕೂಡಿಸಿ ಪರೀಕ್ಷೆಗೆ ಕಲಿಸಿದಂತೆ ಕಲಿಸಿ ತಂದಿದ್ದರು. ಮರೆತರೆ ಹಿಂದಿನಿಂದ ಸೊಸೆಯ ತುಟಿ ಅಲುಗುತ್ತಿತ್ತು. ಪೇಟೆ ಡಾಕ್ಟರರ ಮುಂದೆ ಅಪ್ಪನ ಮಾನ ಕಳೆಯಲು ಯಾವ ಮಗನಿಗೂ ಮನಸ್ಸಿರಲಿಲ್ಲ. ಕಲಿಸಬೇಡಿ ಎಂದು ಡಾಕ್ಟರಮ್ಮ ಎರಡು ಸಲ ಹೇಳಿದರು. ಹೂಂ ಎಂದವರೇ ಮತ್ತೆ ಕಲಿಸಿದರು.

ಹೆಂಗಸರಿಗೆ ಇನ್ನೊಂದು ಪ್ರಶ್ನೆಯಿತ್ತು: ನಿಮ್ಮ ಯಜಮಾನರ ಹೆಸರೇನು? ಇದಕ್ಕೆ ಮಾತ್ರ ಎಲ್ಲರೂ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಐದಾರು ಜನರಿಗೆ ತಪ್ಪು ಗುರುತು ಹಾಕಿದ ಮೇಲೆ ಡಾಕ್ಟರಮ್ಮ ನನ್ನನ್ನು ಕರೆದರು.

“ಇದೊಂದಕ್ಕೆ ಯಾಕೆ ಯಾರೂ ಉತ್ತರ ಹೇಳ್ತಿಲ್ಲ?”

“ಗಂಡನ ಹೆಸರು ಹೇಳಂಗಿಲ್ರೀ. ಮದಿವ್ಯಾಗ, ಸೀಮಂತದಾಗ ಒಡಪು ಅಂತ ಪದಾ ಕಟ್ಟಿ ಅದರಾಗ ಸೇರಿಸಿ ಹೇಳ್ತಾರ. ಬರೇ ಹೆಸರು ಬಾಯಾಗ ಬರಂಗಿಲ್ಲ,” ಎಂದೆ.

ಅವರು ನಕ್ಕು ತಪ್ಪು ಗುರುತುಗಳನ್ನೆಲ್ಲ ಹೊಡೆದು ಹಾಕಿದರು.

ಒಡಪಿನಲ್ಲಿ ನಮ್ಮ ಅಜ್ಜಿಯನ್ನು ಮೀರಿಸುವವರಿರಲಿಲ್ಲ. ತಾತ ಇದ್ದಾಗ ಮದುವೆಮನೆಗಳಲ್ಲಿ ಹೆಂಗಸರು ಅವಳನ್ನು ಸುತ್ತುವರಿಯುತ್ತಿದ್ದರು. “ಹಂಚಿನ ಮ್ಯಾಲಿನ ರೊಟ್ಟಿ ಹುಣ್ಣಿವಿ ಚಂದಿರ” ಎಂದು ಎತ್ತಿಕೊಂಡು, ಕಾಯಿಸಿ, ತಿರುಗಿಸಿ, ಕೊನೆಯಲ್ಲಿ ಆ ಹೆಸರನ್ನು ಕೇಳಿಯೂ ಕೇಳದಂತೆ ಜಾರಿಸಿ ತಲೆ ತಗ್ಗಿಸುತ್ತಿದ್ದಳು. ಅದನ್ನು ಬಿಟ್ಟರೆ ಐವತ್ತು ವರ್ಷದ ಸಂಸಾರದಲ್ಲಿ ತಾತ ಅವಳಿಗೆ ‘ಇವರು’. ತೀರಿಕೊಂಡ ಮೇಲೂ ‘ಅವರು’.

ಅಜ್ಜಿಯ ಸರದಿ ಬಂತು. ಅವ್ವ ಹಿಂದೆ ನಿಂತಳು. ವಾರ ಕೇಳಿದಾಗ ಅವ್ವನ ತುಟಿ ಅಲುಗಿತು, ಅಜ್ಜಿ ಐತವಾರ ಎಂದಳು. ಊರಿಗೂ ಹಾಗೇ. ಡಾಕ್ಟರಮ್ಮನ ಕಣ್ಣು ಕಾಗದದ ಮೇಲಿತ್ತು. ಪ್ರಶ್ನೆಗಳ ಸಾಲಿನಲ್ಲಿ ಬಂದದ್ದನ್ನು ಮರೆತೇ ಓದಿಬಿಟ್ಟರು: “ಯಜಮಾನರ ಹೆಸರು?”

ಅಜ್ಜಿ ತಾತನ ಹೆಸರು ಹೇಳಿದಳು.

ಒಡಪಿಲ್ಲ, ಸೆರಗಿಲ್ಲ. ಓಣಿಯಲ್ಲಿ ಆಡುವ ಹುಡುಗನನ್ನು ಊಟಕ್ಕೆ ಕೂಗುವ ದನಿಯಲ್ಲಿ, ಪೂರ್ತಿ ಹೆಸರು, ಎರಡು ಸಲ. ಹಿಂದಿನ ಬೆಂಚಿನ ಮುದುಕಿ ಕಿವಿಯ ಮೇಲೆ ಸೆರಗು ಎಳೆದುಕೊಂಡಳು. ಅವ್ವ ಅಜ್ಜಿಯ ಭುಜದ ಮೇಲಿಟ್ಟಿದ್ದ ಕೈ ತೆಗೆದು ತನ್ನ ಬಾಯಿಗೆ ಇಟ್ಟುಕೊಂಡಳು. ತಣ್ಣನೆಯ ಹಂಚನ್ನು ಕಂಡಾಗ ಅಳದವಳು, ಗೊರೇಬಾಳದ ದಾರಿಯಿಂದ ಕರೆತಂದಾಗ ಅಳದವಳು, ಅಂದು ಶಾಲೆಯ ಕಂಬ ಹಿಡಿದು ಅತ್ತಳು.

“ಎಷ್ಟು ಸ್ಪಷ್ಟವಾಗಿ ಹೇಳಿದರು ನೋಡಿ,” ಎಂದು ಡಾಕ್ಟರಮ್ಮ ಸರಿ ಗುರುತು ಹಾಕಿದರು.

ಸಂಜೆ ಬೆಂಚು ಎತ್ತುವಾಗ ಅವರು ಕಾಗದಗಳನ್ನು ಜೋಡಿಸಿಕೊಳ್ಳುತ್ತಿದ್ದರು. “ಹದಿನೆಂಟು ಮನೆಯವರೂ ಬಂದರು. ನೀನು ಬಹಳ ಕಷ್ಟಪಟ್ಟಿದ್ದೀಯ. ಆದರೆ ಇದನ್ನ ನೋಡಿದರೆ ಮರೆವಿರೋರು ಇಬ್ಬರೂ ಸಿಗಲ್ಲ. ಇದನ್ನಿಟ್ಟುಕೊಂಡು ನಾನು ಮೇಲಿನವರನ್ನ ಏನಂತ ಕೇಳಲಿ?”

ನಾನು ಅಜ್ಜಿಯ ವಿಷಯ ಹೇಳಿದೆ. ನೀವು ಸರಿ ಎಂದು ಗುರುತು ಹಾಕಿದ್ದೇ ಅವಳು ಮರೆತದ್ದರಲ್ಲೆಲ್ಲ ದೊಡ್ಡದು, ಉಳಿದವರ ಉತ್ತರಗಳೂ ಅವರವಲ್ಲ ಎಂದೆ. ಅವರು ಅಜ್ಜಿಯ ಕಾಗದವನ್ನು ಮತ್ತೆ ಹೊರತೆಗೆದು ನೋಡಿದರು.

“ಇದನ್ನ ಬರೆಯೋಕೆ ಇದರಲ್ಲಿ ಜಾಗ ಇಲ್ಲ,” ಎಂದರು. ಆಮೇಲೆ ಅಂಚಿನಲ್ಲಿ ಸಣ್ಣಗೆ ಏನೋ ಬರೆದುಕೊಂಡರು. ಬೇರೆ ಪ್ರಶ್ನೆಗಳನ್ನು ತಯಾರಿಸಿಕೊಂಡು ಬರುತ್ತೇನೆ, ಮತ್ತೆ ಕರೆಯುತ್ತೀಯಾ ಎಂದು ಕೇಳಿದರು. ಕರೆಯುತ್ತೇನೆ ಎಂದೆ.

ಅವರು ಬರಲಿಲ್ಲ. ಮೂರು ಪತ್ರ ಬರೆದೆ. ಮೂರನೆಯದಕ್ಕೆ ಆಸ್ಪತ್ರೆಯಿಂದ, ಅವರು ಬೇರೆ ಕಡೆ ಹೋಗಿದ್ದಾರೆ ಎಂಬ ಒಂದು ಸಾಲಿನ ಉತ್ತರ ಬಂತು. ನಾನೂ ಖಾಲಾಳೂ ಮತ್ತೊಮ್ಮೆ ಮಸ್ಕಿಗೆ ಹೋಗಿ ಬಂದೆವು. “ನಮ್ಮಪ್ಪ ಪಾಸಾಗ್ಯಾನಲ್ಲವ್ವಾ, ಇನ್ನೇನು?” ಎಂದು ಒಬ್ಬ ಮಗ ಸಂತೋಷದಿಂದಲೇ ಹೇಳಿದ.

ಅಂದಿನಿಂದ ಅಜ್ಜಿ ಆ ಹೆಸರನ್ನು ದಿನವೂ ಕೂಗತೊಡಗಿದಳು. ಕಟ್ಟೆಯ ಮೇಲೆ ಕುಳಿತು, ಊಟದ ನಡುವೆ, ಸ್ನಾನ ಮಾಡಿಸುವಾಗ. ಮೊದಲು ಅವ್ವ ಬಾಗಿಲು ಹಾಕುತ್ತಿದ್ದಳು. ಆಮೇಲೆ, “ಹೇಳ್ಲಿ ಬಿಡು. ಐವತ್ತು ವರ್ಸದ್ದು ಬಾಕಿ ಐತಿ,” ಎಂದು ತೆರೆದೇ ಇಟ್ಟಳು.

೧೯೯೩ರ ಮಾರ್ಚಿನಲ್ಲಿ ಒಂದು ದಿನ ಕೂಗು ನಿಂತಿತು. ಅವ್ವ ಎದುರು ಕುಳಿತು, “ಅತ್ತೀ, ಹಂಚಿನ ಮ್ಯಾಲಿನ ರೊಟ್ಟಿ...” ಎಂದು ಎತ್ತಿಕೊಟ್ಟಳು. ಅಜ್ಜಿ “ಹುಣ್ಣಿವಿ ಚಂದಿರ” ಎಂದಳು. ಅಲ್ಲಿಂದ ಮುಂದೆ ಅವ್ವನ ಬಾಯನ್ನೇ ನೋಡಿದಳು. ಮಾವನ ಹೆಸರನ್ನು ಅವ್ವನೂ ಹೇಳುವಂತಿರಲಿಲ್ಲ. ಕೊನೆಗೆ ನಾನು ಹೇಳಿದೆ. ಅಜ್ಜಿ ನನ್ನತ್ತ ತಿರುಗಿ, ಯಾರೋ ಪರ ಊರಿನವರ ಹೆಸರು ಕೇಳಿದಂತೆ ತಲೆಯಾಡಿಸಿದಳು.

ತಾಮ್ರದ ಕೊಡ ಕೇಳಿದ್ದ ಓಣಿಯಾಕೆ ಆ ವಾರವೇ ಬಂದಿದ್ದಳು. “ನಿಮ್ಮತ್ತಿ ಈಗ ಬೇಷ್ ಆಗ್ಯಾಳಲ್ಲವ್ವಾ. ಗಂಡನ ಹೆಸರು ಹಿಡಿಯೋದು ಬಿಟ್ಟಾಳ,” ಎಂದಳು. ಅವ್ವ ಹೌದು ಎಂದಳು. ಜೂನಿನಲ್ಲಿ ಅಜ್ಜಿ ತೀರಿಕೊಂಡಳು.

ಆ ಭಾನುವಾರ ಶಾಲೆಯ ಪಡಸಾಲೆಗೆ ತಮ್ಮ ಹಿರಿಯರನ್ನು ಕರೆತಂದಿದ್ದವರು ಇದನ್ನು ಓದುತ್ತಿದ್ದರೆ, ಆ ಹಿರಿಯರು ನಿಜವಾಗಿ ಏನೇನು ಮರೆತಿದ್ದರು, ಯಾವುದನ್ನು ಕೊನೆಯವರೆಗೆ ಹಿಡಿದುಕೊಂಡಿದ್ದರು ಎಂದು ದಯವಿಟ್ಟು ಬರೆದು ಕಳಿಸಿ. ಹೆಸರು ಬೇಡ, ಊರೂ ಬೇಡ. ಆ ಡಾಕ್ಟರಮ್ಮ ಎಲ್ಲಿದ್ದಾರೆಂದು ಬಲ್ಲವರಿದ್ದರೆ ಅದನ್ನೂ ತಿಳಿಸಿ. ಅಂಚಿನಲ್ಲಿ ಬರೆದುಕೊಂಡ ಆ ಸಣ್ಣ ಸಾಲು ಯಾರಿಗಾದರೂ ಉಪಯೋಗಕ್ಕೆ ಬಂತೇ ಎಂದು ನನಗೆ ತಿಳಿಯಬೇಕಾಗಿದೆ.