ಕಿಡಿ ನೋಡುವ ಬೆರಳು

ಚಾಚಾರ ಬಲಗೈ ತೋರುಬೆರಳಿನ ತುದಿ ಕಪ್ಪಗಿತ್ತು. ಎಷ್ಟು ಸೋಪು ಹಾಕಿ ತಿಕ್ಕಿದರೂ ಹೋಗದ ಕಪ್ಪು. ಪೆಟ್ರೋಲಿಗೆ ಚರ್ಮ ಒಣಗಿ ಸಣ್ಣ ಸೀಳು ಬಿಟ್ಟಿತ್ತು. ರಾಣೆಬೆನ್ನೂರಿನ ಸ್ಟೇಷನ್ ರಸ್ತೆಯ ಇಕ್ಕಟ್ಟಾದ ಅಂಗಡಿಯಲ್ಲಿ ಕೂತು ಅವರು ಮರ ಕೊಯ್ಯುವ ಮಷೀನು, ಔಷಧಿ ಹೊಡೆಯುವ ಪಂಪು ರಿಪೇರಿ ಮಾಡುತ್ತಿದ್ದರು. ಮಷೀನು ಚಾಲೂ ಆಗದಿದ್ದರೆ ಪ್ಲಗ್ಗಿನ ಟೋಪಿ ಕಿತ್ತು, ವೈರಿನ ತುದಿಗೆ ಆ ಬೆರಳು ಹಿಡಿದು, ಎದುರಿಗಿದ್ದವರಿಗೆ ಹಗ್ಗ ಎಳೆಯಲು ಹೇಳುವರು. ನಾವಾದರೆ ಷಾಕಿಗೆ ಹೌಹಾರಿ ಮಾರು ದೂರ ಬೀಳುತ್ತಿದ್ದೆವು. ಚಾಚಾರ ಹುಬ್ಬು ತುಸು ಮೇಲೇರುತ್ತಿತ್ತು, ಅಷ್ಟೇ. ಹುಬ್ಬು ಏರಿದರೆ ಕರೆಂಟು ಇದೆ, ಪ್ಲಗ್ ನೋಡಬೇಕು. ಏರದಿದ್ದರೆ ಕರೆಂಟು ಹುಟ್ಟಿಸುವ ಕಾಯಿಲ್ ಸತ್ತಿದೆ. ಆ ಬೆರಳು ಹೇಳಿದ ಮೇಲೆ ಮುಗಿಯಿತು, ಸುತ್ತಿನ ಹಳ್ಳಿಗಳಲ್ಲಿ ಯಾರೂ ಎರಡನೇ ಮಾತು ಕೇಳುತ್ತಿರಲಿಲ್ಲ.

ನಾನು ಕೂಲಿಗೆ ಮರ ಕೊಯ್ಯುವವನು. ನನ್ನದು ಹಳೇ ಮಷೀನು, ಹಟಮಾರಿ. ಅದರ ದೆಸೆಯಿಂದ ಚಾಚಾರ ಅಂಗಡಿ ನನಗೆ ಎರಡನೇ ಮನೆಯಾಗಿತ್ತು. ಕಾಯಿಲ್‌ಗೂ ಅದರ ಪಕ್ಕ ತಿರುಗುವ ಚಕ್ರಕ್ಕೂ ನಡುವೆ ಎಷ್ಟು ಸಂದು ಇರಬೇಕೆಂದು ನೋಡಲು ಅವರು ಲಗ್ನಪತ್ರಿಕೆಯ ತುಂಡು ಇಡುತ್ತಿದ್ದರು. ಯಾರಾದರೂ ಮದುವೆಗೆ ಕರೆಯಲು ಬಂದರೆ ಮೊದಲು ಕಾರ್ಡನ್ನು ಬೆರಳಲ್ಲಿ ತಿಕ್ಕಿ, "ಕಾಗದ ಚಲೋ ಐತಿ, ಬರ್ತೇನಿ" ಎನ್ನುವರು. ಮದುಮಕ್ಕಳ ಹೆಸರು ಆಮೇಲೆ.

ಐರಣಿ ಹಳ್ಳಿಯ ಸಂಗತಿ ಹೇಳದೆ ಚಾಚಾರ ಮಾತು ಮುಂದೆ ಹೋಗುವುದಿಲ್ಲ. ಗಾಳಿಗೆ ಒಂದು ಹುಣಸೆಮರ ರಸ್ತೆಗೆ ಅಡ್ಡ ಬಿದ್ದಿತ್ತು. ಚಹಾ ಕುಡಿಯುವುದರೊಳಗೆ ದಾರಿ ಬಿಡಿಸಿಕೊಡುತ್ತೇನೆಂದು ನಾನು ಬಡಾಯಿ ಕೊಚ್ಚಿದೆ. ಊರವರು ಚಹಾ ಕುಡಿದರು, ಬಸ್ಸಿನವರು ಇಳಿದು ಕುಡಿದರು, ನನ್ನ ಮಷೀನು ಮಾತ್ರ ಕೆಮ್ಮಲೂ ಇಲ್ಲ. ಹಗ್ಗ ಎಳೆದೆಳೆದು ರಟ್ಟೆ ಬಿದ್ದುಹೋಯಿತು. ಒಬ್ಬ ಮೊಬೈಲ್ ಎತ್ತಿ ವಿಡಿಯೋ ಮಾಡುತ್ತ ನಿಂತ. ಮಾನ ಬಿಟ್ಟು ಚಾಚಾರಿಗೆ ಫೋನ್ ಮಾಡಿದೆ. ಅವರು ಆಟೋದಲ್ಲಿ ಬಂದರು, ಮಷೀನನ್ನು ಒಮ್ಮೆ ನೋಡಿದರು, ಜನರಿಗೆ ಬೆನ್ನು ಮಾಡಿ ಕೂತರು. ಪ್ಲಗ್ ಬಿಚ್ಚಿದರು, ಒರೆಸಿದರು, ಊದಿದರು, ಹಾಕಿದರು. ವೈರ್ ಸಡಿಲಾಗಿತ್ತು ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಎದ್ದೇಳುವಾಗ ನನ್ನ ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಅಂದರು:

"ಬೇಟಾ, ಸ್ವಿಚ್ ಬಂದ್ ಇತ್ತು."

ನೆಲ ಬಾಯಿಬಿಟ್ಟಿದ್ದರೆ ಅಲ್ಲೇ ಒಳಗೆ ಹೋಗುತ್ತಿದ್ದೆ. ಆದರೆ ಮುಂದಿನ ಎಳೆತಕ್ಕೇ ಮಷೀನು ಚಾಲೂ ಆಯಿತು, ಅಲ್ಲಿದ್ದವರಿಗೆ ಯಾರಿಗೂ ಗೊತ್ತಾಗಲಿಲ್ಲ. ಮುಂದೆ ಎಷ್ಟೋ ಸಲ ಅಂಗಡಿಯಲ್ಲಿ ಹರಟೆಗೆ ಕೂತಿದ್ದೇವೆ, ಆ ಮಾತನ್ನು ಚಾಚಾ ತಮಾಷೆಗೂ ಎತ್ತಲಿಲ್ಲ.

ಅದಾದ ಕೆಲವು ವರ್ಷಕ್ಕೆ ಕಾಗಿನೆಲೆಯ ಕಡೆಯ ರೈತನೊಬ್ಬ ಸಿಟ್ಟಿನಿಂದ ಅಂಗಡಿಗೆ ಬಂದ. ಹಿಂದಿನ ವಾರ ಅವನ ಮಷೀನು ನೋಡಿ ಚಾಚಾ ಕಾಯಿಲ್ ಸತ್ತಿದೆ ಎಂದಿದ್ದರು. ಆಗ ಹಗ್ಗ ಎಳೆದವನು ನಾನೇ. ರೈತ ಹೊಸ ಕಾಯಿಲ್ ಹಾಕಿಸಲು ಹಾವೇರಿಗೆ ಹೋದರೆ ಅಲ್ಲಿಯವರು ವೈರಿಗೆ ಟೆಸ್ಟರ್ ತಾಗಿಸಿ ಅದರ ದೀಪ ಹೊತ್ತಿದ್ದನ್ನು ತೋರಿಸಿ, ಕಾಯಿಲ್ ಗಟ್ಟಿಮುಟ್ಟಾಗಿದೆ, ಕೆಟ್ಟಿರುವುದು ಪ್ಲಗ್ಗು ಎಂದು ನಕ್ಕರಂತೆ. ಗಿರಾಕಿಗಳ ಎದುರಿಗೇ ಅವನು ಕೇಳಿದ:

"ಚಾಚಾ, ಜೀವಂತ ಇದ್ದದ್ದನ್ನ ಸತ್ತೈತಿ ಅಂದ್ರಲ್ಲ, ಇನ್ನ ನಿಮ್ಮ ಬೆರಳ ನಂಬೂದು ಹೆಂಗ?"

ಚಾಚಾ ಬಲಗೈಯನ್ನು ಮೆಲ್ಲಗೆ ಅಂಗಿಯ ಕಿಸೆಯೊಳಗೆ ಇಳಿಸಿದರು. ಅವರು ತಲೆ ತಗ್ಗಿಸಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಐರಣಿಯ ಋಣ ತೀರಿಸಲು ಇದೇ ಹೊತ್ತು ಅನ್ನಿಸಿ ನಡುವೆ ಬಾಯಿ ಹಾಕಿದೆ. ತಪ್ಪು ನನ್ನದು, ಅವತ್ತು ಸ್ವಿಚ್ ಬಂದ್ ಇಟ್ಟುಕೊಂಡೇ ಹಗ್ಗ ಎಳೆದಿದ್ದೆ, ಕರೆಂಟು ಎಲ್ಲಿಂದ ಬರಬೇಕು, ಐರಣಿಯಲ್ಲೂ ಹೀಗೇ ಮಾಡಿದ್ದೆ ಎಂದೆ. ಎಲ್ಲರೂ ಗೊಳ್ಳೆಂದು ನಕ್ಕರು. ರೈತ ನನಗೆ ನಾಲ್ಕು ಮಾತು ಬೈದು, ತಣ್ಣಗಾಗಿ ಹೋದ. ನನಗೆ ಒಳಗೊಳಗೇ ಹೆಮ್ಮೆ.

ಅಂಗಡಿ ಖಾಲಿಯಾದ ಮೇಲೆ ಚಾಚಾ ನನ್ನ ಮಷೀನನ್ನು ಮುಂದಕ್ಕೆಳೆದು, ಟೋಪಿ ಕಿತ್ತು, ಬೆರಳು ಹಿಡಿದು, ಎಳೆ ಎಂದರು. ಎಳೆದೆ. ವೈರಿನಿಂದ ನೀಲಿ ಕಿಡಿಯೊಂದು ಚಟ್ಟೆಂದು ಹಾರಿ ಅವರ ಬೆರಳಿಗೆ ಬಿತ್ತು. ಹುಬ್ಬು ಅಲುಗಲಿಲ್ಲ. ರಸ್ತೆಯ ಕಡೆ ನೋಡುತ್ತಲೇ ಕೇಳಿದರು:

"ಬಂತೇನು?"

ಬಂತ್ರೀ ಎಂದೆ. ಬೆರಳು ಬದಲಿಸಿ, ಮತ್ತೆ ಎಳೆಸಿ ಕೇಳಿದರು. ಬಂತ್ರೀ ಎಂದೆ. ಅವರಿಗೆ ಶುಗರ್ ಇದೆಯೆಂದು ನನಗೆ ಗೊತ್ತಿತ್ತು, ಚಹಾಕ್ಕೆ ಸಕ್ಕರೆ ಬಿಟ್ಟಿದ್ದರು. ಅದು ಬೆರಳಿನ ಜೀವವನ್ನೇ ತಿಂದಿದೆ ಎಂದು ಅವರಿಗೂ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಒಪ್ಪಿರಲಿಲ್ಲವೋ, ನಾನರಿಯೆ.

"ಅವತ್ತ ನಾ ಮುಚ್ಚಿದ್ದು ನಿನ್ನ ದಡ್ಡತನ ಅಷ್ಟ. ಅದರಿಂದ ಯಾರಿಗೂ ಲುಕ್ಸಾನ್ ಆಗಲಿಲ್ಲ," ಅಂದರು. "ಇವತ್ತ ನೀ ಮುಚ್ಚಿದ್ದು ನನ್ನ ರೋಗ. ನಾಳೆ ಮತ್ತೊಬ್ಬನ ಮಷೀನ್ ಕೆಡಸ್ತೇನಿ. ಆ ರೈತನ ಮುಂದ ನಿಂತಾಗ ಆಗಿದ್ದಕ್ಕಿಂತ ಹೆಚ್ಚಿನ ನಾಚ್ಕಿ ಈಗ ಆಗಾಕತ್ತೈತಿ, ಬೇಟಾ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಉಪಕಾರ ತೀರಿಸಿದೆನೆಂದು ಬೀಗಿದ್ದ ಮುಖವನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

ಮರುದಿನ ಮುಂಜಾನೆ ನನ್ನನ್ನೂ ಎಬ್ಬಿಸಿಕೊಂಡು ಬಸ್ಸು ಹತ್ತಿದರು. ಕಾಗಿನೆಲೆಯಲ್ಲಿ ಇಳಿದು ರೈತನ ಮನೆ ಕೇಳಿಕೊಂಡು ಹೋದೆವು. ಅಂಗಳದಲ್ಲಿ ಅವನ ಮನೆಮಂದಿಯೆಲ್ಲ ಮೆಣಸಿನಕಾಯಿ ಹರವುತ್ತಿದ್ದರು. ಎಲ್ಲರೆದುರು ಚಾಚಾ ಆ ಬೆರಳು ಎತ್ತಿ ತೋರಿಸಿದರು. "ಈ ಹುಡುಗಂದು ತಪ್ಪಿಲ್ಲ. ಸತ್ತದ್ದು ಕಾಯಿಲ್ ಅಲ್ಲ, ನನ್ನ ಬೆರಳು," ಅಂದರು. ನಾನು ಕೆಂಪು ಕಾಯಿಗಳನ್ನೇ ನೋಡುತ್ತ ನಿಂತಿದ್ದೆ. ರೈತ ಒಳಗೆ ಹೋಗಿ ಕೂರಲು ಚಾಪೆ ತಂದ.

ಆಮೇಲೆ ಅಂಗಡಿಯ ರೀತಿಯೇ ಬದಲಾಯಿತು. ಕಿಡಿಯನ್ನು ಕಣ್ಣಲ್ಲೇ ನೋಡಲು ಪ್ಲಗ್ಗನ್ನು ಬಿಚ್ಚಿ ಮಷೀನಿನ ಮೈಗೆ ತಾಗಿಸಿಟ್ಟು, ಮೇಲೆ ಟವೆಲಿನ ನೆರಳು ಹಿಡಿದು, ಹಗ್ಗ ತಾವೇ ಎಳೆಯುವರು. ಕಣ್ಣೂ ಮಸುಕಾದ ಮೇಲೆ, ತಮಗೆ ಗೊತ್ತಾಗುವುದಿಲ್ಲ, ನೀವೇ ನೋಡಿ ಹೇಳಿ ಎಂದು ಬಂದವರನ್ನೇ ಕೇಳುವರು. ಹಾಗೆ ಕೇಳುವಾಗಲೆಲ್ಲ ಅವರ ಕಿವಿ ಕೆಂಪಾಗುತ್ತಿತ್ತು. ಆದರೂ ಒಂದು ಸಲವೂ ಕೇಳದೆ ಬಿಡಲಿಲ್ಲ. ಗಿರಾಕಿಗಳು ಬಗ್ಗಿ ನೋಡಿ, ಬಂತು ಚಾಚಾ, ನೀಲಿ ಐತಿ ಎನ್ನುವರು. ಕಾಗಿನೆಲೆಯ ಆ ರೈತನೂ ಬಂದು ಬಗ್ಗಿ ನೋಡಿ ಹೇಳಿದ್ದನ್ನು ಕಂಡಿದ್ದೇನೆ.

ಹೋದ ಚಳಿಗಾಲದಲ್ಲಿ ಚಾಚಾ ತೀರಿಕೊಂಡರು. ಅದಕ್ಕೆ ಕೆಲವೇ ದಿನ ಮುಂಚೆ ಮನೆಗೆ ಹೋಗಿದ್ದೆ. ಹಾಸಿಗೆಯ ಪಕ್ಕ ಕೂತು ಅವರ ಬಲಗೈ ಹಿಡಿದುಕೊಂಡೆ. ಕೆಲಸ ಬಿಟ್ಟು ಬಹಳ ದಿನವಾಗಿ ಬೆರಳಿನ ಕಪ್ಪೆಲ್ಲ ಹೋಗಿತ್ತು, ಯಾರದೋ ಬೆರಳಿನ ಹಾಗೆ ಬೆಳ್ಳಗಿತ್ತು. ಸೂರು ನೋಡುತ್ತಲೇ ಕೇಳಿದರು:

"ಕೈ ಹಿಡದೀಯೇನು, ಬೇಟಾ?"

"ಹಿಡದೇನ್ರಿ ಚಾಚಾ."

"ಖರೇ ಹೇಳ್ತೀಯೇನು?"

ಅಂಗಡಿಯಲ್ಲಿ ಒಮ್ಮೆ ಸುಳ್ಳು ಹೇಳಿದ್ದ ನನಗೆ ಆ ಪ್ರಶ್ನೆ ಸಲ್ಲಬೇಕಾದದ್ದೇ. ಹಿಡಿದ ಕೈಯನ್ನು ಹಾಗೇ ಮೇಲೆತ್ತಿ ಅವರ ಕಣ್ಣಿನ ಹತ್ತಿರ ತಂದು ತೋರಿಸಿದೆ. ಬಹಳ ಹೊತ್ತು ನೋಡಿದರು. ಹುಬ್ಬು ತುಸು ಮೇಲೇರಿತು.