ದೇವದಾರಿಯ ಹೊಗೆ

ಸೌದೆಗೆಂಥ ವಾಸನೆ, ಉರಿದರೆ ಸಾಕು ಅನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವರು ಒಂದು ದಿನವಾದರೂ ಒಲೆಯ ಮುಂದೆ ಕೂತವರಲ್ಲ. ಒಣಗಿದ ಹುಣಸೆ ಸಂಭಾವಿತ ಸೌದೆ. ತನ್ನ ವಾಸನೆಯನ್ನು ಸಾರಿಗೆ ಅಂಟಿಸುವುದಿಲ್ಲ. ಹಸಿ ಜಾಲಿ ತುದಿಯಲ್ಲಿ ನೊರೆ ಕಾರುತ್ತ ಹಳಸಿದ ಮಜ್ಜಿಗೆಯಂತೆ ನಾರುತ್ತದೆ. ಕಳ್ಳಿಯ ಹೊಗೆಗೆ ಕಣ್ಣು ಬಿಡಲಾಗದು. ಬೇವು ಹಾಕಿ ಮುದ್ದೆ ಬೇಯಿಸಿದರೆ ಗಂಟಲ ಕಹಿ ಮಧ್ಯಾಹ್ನವಾದರೂ ಇಳಿಯುವುದಿಲ್ಲ. ಮಡಕಶಿರದ ನಮ್ಮ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದೆವು. ಹುಳು ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಯೇ ನಮಗೆ ಸೌದೆ. ಹುರಿದ ಕಡಲೆಕಾಯಿಯಂಥ ವಾಸನೆ ಅದರದು. ಹಬ್ಬದ ದಿನ ಮಾತ್ರ ಅವ್ವ ಅಟ್ಟದಿಂದ ದೇವದಾರಿಯ ಚಕ್ಕೆಯೊಂದನ್ನು ತೆಗೆದು ಒಲೆಗೆ ಇಡುತ್ತಿದ್ದಳು. ಗುಡ್ಡದ ಕುರುಚಲು ಮರ ಅದು, ಬಡವರ ಗಂಧ. ಮನೆಯೆಲ್ಲ ಘಮ್ಮೆನ್ನುತ್ತಿತ್ತು.

ಹದಿನಾರಕ್ಕೆ ನನ್ನನ್ನು ರಾಯದುರ್ಗಕ್ಕೆ ಕೊಟ್ಟರು. ಮಾವ ತೀರಿಕೊಂಡು ಎಂಟು ತಿಂಗಳಾಗಿತ್ತು. ವರ್ಷ ತುಂಬುವುದರೊಳಗೆ ಮನೆಯಲ್ಲೊಂದು ಶುಭಕಾರ್ಯ ಆಗಲೆಂದು ಅವಸರದಲ್ಲಿ ಮಾಡಿದ ಮದುವೆ. ಗಂಡ ಬಳ್ಳಾರಿಯಲ್ಲಿ ಹತ್ತಿ ಗಿರಣಿಯ ಕೆಲಸಕ್ಕೆ ಹೋದರೆ ಅಮಾವಾಸ್ಯೆಗೊಮ್ಮೆ ಬರುವವರು. ಉಳಿದವರು ನಾನು, ಅತ್ತೆ. ಅತ್ತೆ ಬೈಯುವವರಲ್ಲ, ಹೊಡೆಯುವವರಲ್ಲ. ಮಾತೇ ಇಲ್ಲ! "ಉಪ್ಪು", "ನೀರು", "ಬಾಗಲಾ ಹಾಕು", ಅಷ್ಟಕ್ಕೆ ದಿನ ಮುಗಿಯಿತು. ಗೋಡೆಯ ಹಲ್ಲಿಯಾದರೂ ಲೊಚಗುಟ್ಟುತ್ತದೆ. ನನಗೆ ಸೀರೆ ಬೇಡ, ಬಳೆ ಬೇಡ. ಅವರು ಎದುರು ಕೂತು ನಾಲ್ಕು ಮಾತಾಡಿದರೆ ಸಾಕಿತ್ತು. ಇಲ್ಲದಿದ್ದರೆ ಹುಚ್ಚೇ ಹಿಡಿಯುತ್ತದೆ ಅನ್ನಿಸುತ್ತಿತ್ತು.

ನನ್ನೊಡನೆ ಮಾತಾಡುತ್ತಿದ್ದವಳು ಒಬ್ಬಳೇ. ಮದರಾಸು ಸರಕಾರದ ಕಾಡಿನ ಗಾರ್ಡಿನ ಕಣ್ಣು ತಪ್ಪಿಸಿ, ಗುಡ್ಡದಿಂದ ಸೌದೆ ಹೊರೆ ಹೊತ್ತು ತರುವ ಹೆಂಗಸು. "ಕಟ್ಟೆಲು ಕಾವಾಲಾ ಅಮ್ಮಾ?" ಎಂದು ತೆಲುಗಿನಲ್ಲಿ ಕೂಗಿಕೊಂಡು ಬಂದು, ಹೊರೆ ಇಳಿಸಿದ ಮೇಲೆ ಕನ್ನಡಕ್ಕೆ ತಿರುಗುವಳು. ನಾನು ಒಂದೊಂದು ಕೊರಡನ್ನೂ ಎತ್ತಿ ಮೂಸುತ್ತಿದ್ದೆ. "ಸಂತ್ಯಾಗ ಬೆಂಡಿಕಾಯಿ ಮುರಿದು ನೋಡ್ತಾರ. ಕಟ್ಟಿಗಿ ಮೂಸಿ ನೋಡಾಕಿನ್ನ ನಿನ್ನೊಬ್ಬಾಕಿನ್ನ ಕಂಡೀನವ್ವ!" ಎಂದು ನಗುವಳು. ಹಾಗೆ ಮೂಸುತ್ತಿರುವಾಗಲೇ ಒಂದು ದಿನ ಹೊರೆಯಲ್ಲಿ ಮೊಳದುದ್ದದ ದೇವದಾರಿ ತುಂಡು ಸಿಕ್ಕಿತು. ಸೆರಗಿನಲ್ಲಿ ಮುಚ್ಚಿ ಒಳಗೆ ತಂದೆ.

ನನ್ನ ಲೆಕ್ಕಾಚಾರ ಇಷ್ಟೇ. ಇಲ್ಲಿ ದಿನವೂ ಉರಿಸುವ ಬೇವಿನ ಹೊಗೆಯಿಂದ ಮನೆಯೇ ಕಹಿಯಾಗಿದೆ. ಒಳ್ಳೆಯ ವಾಸನೆ ಎದ್ದರೆ ಅತ್ತೆ ಏನೆಂದು ಕೇಳುತ್ತಾರೆ, ನಾನು ತವರಿನ ಹಬ್ಬದ ಸುದ್ದಿ ಹೇಳುತ್ತೇನೆ, ಹಾಗೇ ಮಾತು ಬೆಳೆಯುತ್ತದೆ. ಸೋಮವಾರ ಬೆಳಿಗ್ಗೆ ತುಂಡನ್ನು ಒಲೆಗೆ ಇಟ್ಟೆ. ಅತ್ತೆ ಪಡಸಾಲೆಯಲ್ಲಿ ಜೋಳ ಕೇರುತ್ತಿದ್ದರು. ಘಮ ಹರಡುತ್ತಿದ್ದಂತೆ ಮೊರದ ಸದ್ದು ನಿಂತಿತು. ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತರು. ಕಣ್ಣಿಂದ ನೀರು ಸುರಿಯುತ್ತಿತ್ತು.

ಅಷ್ಟರಲ್ಲಿ ಪಕ್ಕದ ಮನೆಯ ಮುದುಕಿ ಹಿತ್ತಲಿನಿಂದಲೇ ಕೂಗಿದಳು. "ಯವ್ವಾ, ಯಾರ್ರಿ ಅದು, ಒಲಿಯಾಗ ಹೆಣದ ಕಟ್ಟಿಗಿ ಹಚ್ಚಿದವರು?"

ನಮ್ಮ ಕಡೆ ಮಣ್ಣು ಮಾಡುತ್ತಾರೆ, ಅವರ ಕಡೆ ಸುಡುತ್ತಾರೆ. ಶ್ರೀಗಂಧ ತರಲಾಗದವರು ಹೆಣದ ಎದೆಯ ಮೇಲೆ ದೇವದಾರಿ ಇಡುತ್ತಾರಂತೆ. ಮಾವನಿಗೂ ಇಟ್ಟಿದ್ದರೆಂದು ಮುದುಕಿಯೇ ಹೇಳಿದಳು. ಅಯ್ಯೋ ಶಿವನೇ, ನನಗೆ ಯಾರು ಹೇಳಿದ್ದರು? ಉರಿಯುವ ಒಲೆಗೆ ನೀರು ಹೊಯ್ಯಬಾರದೆನ್ನುವುದೂ ನೆನಪಾಗದೆ ತಂಬಿಗೆಯನ್ನೇ ಬೋರಲು ಹಾಕಿದೆ. ಬೂದಿ ಮುಖಕ್ಕೆ ಹಾರಿತು.

"ತಪ್ಪಾಯ್ತು ಅತ್ತೆ, ನಂಗೊತ್ತಿರ್ಲಿಲ್ಲ" ಎಂದು ಕಾಲು ಹಿಡಿದೆ.

"ಯಾಕ ಆರಿಸಿದಿ?" ಅಂದರು. "ಹೆಂಗಸರನ್ನ ಸುಡುಗಾಡಿಗೆ ಬಿಡ್ತಾರೇನು? ನಾ ಇಲ್ಲೇ ಹಿತ್ತಲದಾಗ ನಿಂತಿದ್ದೆ. ಗಾಳಿ ಈ ಕಡಿ ಬೀಸ್ತು, ಇದ ವಾಸನಿ ಬಂತು. ಅವರದು ಅಂತ ಕಡೀಕ ನನಗ ಸಿಕ್ಕಿದ್ದು ಅದೊಂದ. ಅದನ್ನೂ ಆರಿಸಿಬಿಟ್ಟೆಲ್ಲ."

ಆ ಮನೆಗೆ ಬಂದ ಐದು ತಿಂಗಳಲ್ಲಿ ಅವರ ಬಾಯಿಂದ ಅಷ್ಟು ಮಾತು ಕೇಳಿದ್ದು ಅದೇ ಮೊದಲು. ಕೇಳಿ ನನಗೆ ಸಂತೋಷವೇನೂ ಆಗಲಿಲ್ಲ.

ನೆನೆದ ತುಂಡನ್ನು ಅತ್ತೆಯೇ ಮಾಳಿಗೆಯ ಮೇಲೆ ಬಿಸಿಲಿಗಿಟ್ಟರು, ದಿನವೂ ಹತ್ತಿ ಹೋಗಿ ಮಗ್ಗುಲು ಬದಲಿಸಿದರು. ಮೂರನೆಯ ಮಧ್ಯಾಹ್ನ ತಾವಾಗಿಯೇ "ಬಾ, ಹಚ್ಚು" ಎಂದು ಕರೆದು ಒಲೆಯ ಮುಂದೆ ನನ್ನ ಪಕ್ಕದಲ್ಲೇ ಕೂತರು. ಮೊದಲು ಮಸಿಯ ವಾಸನೆ, ಆಮೇಲೆ ಅದೇ ಘಮ. ಅವರು ದನಿ ತೆಗೆದು ಅತ್ತರು. ನನಗೂ ತಡೆಯಲಾಗಲಿಲ್ಲ, ಅವ್ವನ ಕೈ, ಅಟ್ಟ, ಹಬ್ಬದ ಬೆಳಗು ಎಲ್ಲ ಕಣ್ಣಿಗೆ ಕಟ್ಟಿ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ನಾಚಿಕೆಯ ಮಾತು, ಅಳುವಾಗಲೂ ಒಳಗೊಳಗೆ ಹಿಗ್ಗಿದ್ದೆ. ಅಂತೂ ಇಬ್ಬರೂ ಒಂದು ಕಡೆ ಕೂತಿದ್ದೇವೆ, ಇನ್ನು ಈ ಮನೆಯಲ್ಲಿ ನಾನು ಒಂಟಿಯಲ್ಲ ಅಂದುಕೊಂಡೆ.

ತುಂಡು ಕೆಂಡವಾಯಿತು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ನೋಡಿದರು.

"ನಿನಗ್ಯಾಕ ಅಳು?"

"ಅವ್ವ ನೆನಪಾದ್ಲು ಅತ್ತೆ."

"ನಿಮ್ಮವ್ವ ಬದುಕ್ಯಾಳಲ್ಲ" ಅಂದರು. ಮೊಣಕಾಲಿಗೆ ಕೈ ಕೊಟ್ಟು ಎದ್ದು, ಪಡಸಾಲೆಗೆ ಹೋಗಿ, ಗೋಡೆಯ ಕಡೆ ಮುಖ ಮಾಡಿ ಮಲಗಿದರು.